ಒಣದ್ರಾಕ್ಷಿ ಶೆಡ್ಡಿನಲ್ಲಿ ನಮ್ಮ ಕಂಪ್ಯೂಟರ್

ಗೇಮ್ ಆಡುವುದಕ್ಕಿಂತ ಗೇಮ್ ಆಡುವ ಕಂಪ್ಯೂಟರ್ ಹೇಗಿರಬೇಕು ಎಂಬ ಮಾತೇ ನಮಗೆ ಹೆಚ್ಚು ರುಚಿಸುತ್ತಿದ್ದ ಕಾಲ ಅದು. ಏಳನೆಯ ತರಗತಿಯ ಪರೀಕ್ಷೆ ಮುಗಿದಿತ್ತು. ವಿಜಯಪುರದ ಜೋರಾಪುರ ಪೇಟೆಯ ನಮ್ಮ ಮನೆಗೆ ತಿಕೋಟಾದಿಂದ ದೊಡ್ಡಪ್ಪನ ಮಗ ಬಸವರಾಜ, ಅಂದರೆ ನಮ್ಮ ಬಸ್ಯಾ, ಬಟ್ಟೆಯ ಚೀಲ ಹಿಡಿದು ಬಂದಿಳಿದಿದ್ದ. ನಾನೂ ಅವನೂ ಒಂದೇ ವಯಸ್ಸಿನವರು. ಒಂದು ತಾಸು ಜಗಳವಾಡದಿದ್ದರೆ ಇಬ್ಬರಿಗೂ ತಿಂದದ್ದು ಅರಗುತ್ತಿರಲಿಲ್ಲ.

ಸರ್ಕಾರಿ ಕಚೇರಿಯಲ್ಲಿದ್ದ ಅಪ್ಪ, ದ್ರಾಕ್ಷಿ ಬೆಳೆಯುತ್ತಿದ್ದ ದೊಡ್ಡಪ್ಪ ಇಬ್ಬರೂ ಸೇರಿ ನಮಗೊಂದು ಕಂಪ್ಯೂಟರ್ ಕೊಡಿಸಲು ಒಪ್ಪಿದ್ದರು. ಆದರೆ ಅಪ್ಪನ ಷರತ್ತು ಗಟ್ಟಿಯಾಗಿತ್ತು.

"ಇಷ್ಟ ರೊಕ್ಕ ನೋಡ್ರಿ. ಮ್ಯಾಲೆ ಒಂದ್ ರೂಪಾಯಿ ಕೇಳಬ್ಯಾಡ್ರಿ. ತಂದ ಮ್ಯಾಲೆ ಅದು ನೆಟ್ಟಗ ನಡೀಲಿಲ್ಲ ಅಂದ್ರ ಮಾರಿ ಬಿಡ್ತೀನಿ. ಬಂದ ರೊಕ್ಕಾ ನಿಮ್ಮ ಗಣಿತದ ಟ್ಯೂಷನ್ನಿಗೆ!"

ಗಣಿತದ ಟ್ಯೂಷನ್! ಅದೂ ಬೇಸಿಗೆ ರಜೆಯಲ್ಲಿ!

ಗಾಂಧಿ ಚೌಕದ ಹತ್ತಿರದ ಅಂಗಡಿಯಲ್ಲಿ ನನ್ನ ಕಣ್ಣು ಬಿದ್ದದ್ದು ಎಲ್ಲಕ್ಕಿಂತ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಅಂಗಡಿಯ ಕಾಕಾ ನಕ್ಕುಬಿಟ್ಟರು.

"ಎಲ್ಲಾ ರೊಕ್ಕಾ ಕಾರ್ಡಿಗೇ ಹಾಕಿ ಪ್ರೊಸೆಸರ್ ಸಣ್ಣದ ತಗೊಂಡ್ರ, ನಿನ್ನ ಕಾರ್ಡು ಸುಮ್ನ ಕೈ ಕಟ್ಕೊಂಡು ಕುಂಡ್ರತೈತಿ, ಯವ್ವಾ. ಒಂದಕ್ಕೊಂದು ಜೋಡಿ ಇರಬೇಕು."

ಹಾಗಾಗಿ ಕಾರ್ಡನ್ನು ಇಳಿಸಿದೆವು, ಪ್ರೊಸೆಸರನ್ನು ಏರಿಸಿದೆವು. ಉಳಿದದ್ದರಲ್ಲಿ ಗೇಮ್ ಬೇಗ ತೆರೆಯುವಂತೆ ಎಸ್ಎಸ್‌ಡಿ ಬೇಕೆಂದು ನಾನು. ಜಾಯ್‌ಸ್ಟಿಕ್ ಎರಡು ಬೇಕೆಂದು ಬಸ್ಯಾ.

"ಒಂದ ಇದ್ರ ನೀ ಆಡಾಕಿ, ನಾ ಬಾಯಿ ತಕ್ಕೊಂಡು ನೋಡಾಂವ. ನಾ ಒಲ್ಲೆ."

"ಲೇ ಬಸ್ಯಾ, ಹಳೀ ಹಾರ್ಡ್ ಡಿಸ್ಕಿನ್ಯಾಗ ಗೇಮ್ ಭಾಳ ನಿಧಾನ ತೆರಿತೈತೋ!"

"ತೆರೀಲಿ ಬಿಡ. ನಿಂದ್ಯಾವ ಬಸ್ಸು ತಪ್ಪಾಕತ್ತೈತಿ?"

ಅವನು ಅಂಗಡಿಯ ಮೆಟ್ಟಿಲ ಮೇಲೆ ಕುಳಿತೇಬಿಟ್ಟ. ಕೊನೆಗೆ ನಾನೇ ಸೋತೆ. ಎರಡು ಜಾಯ್‌ಸ್ಟಿಕ್ ಬಂದವು, ಎಸ್ಎಸ್‌ಡಿ ಹೋಯಿತು. ಇಷ್ಟಾದರೂ ಲೆಕ್ಕ ಕೂಡಲಿಲ್ಲ. ಕ್ಯಾಬಿನೆಟ್ಟಿನ ಹೆಚ್ಚುವರಿ ಫ್ಯಾನುಗಳನ್ನು ಬೇಡವೆಂದು, ಇದ್ದುದರಲ್ಲೇ ಅಗ್ಗದ ಡಬ್ಬಿ ತಂದೆವು. ವಿಜಯಪುರದ ಬೇಸಿಗೆಯಲ್ಲಿ ಫ್ಯಾನು ಬೇಡ ಎಂದ ಜಾಣರು ನಾವು!

ಮನೆಯಲ್ಲಿ ಜೋಡಿಸಿ ಗುಂಡಿ ಒತ್ತಿದಾಗ ನೀಲಿ ದೀಪ ಹತ್ತಿತು. ನಾವಿಬ್ಬರೂ ಕಿರುಚಿದ ರಭಸಕ್ಕೆ ಅಡುಗೆಮನೆಯಿಂದ ಅವ್ವ ಮಿರ್ಚಿ ಕರಿಯುವ ಜಾಲರಿ ಹಿಡಿದೇ ಓಡಿಬಂದಳು. ಕಾರು ರೇಸು ಶುರುವಾಯಿತು. ನನ್ನದು ಕೆಂಪು ಕಾರು, ಅವನದು ಹಸಿರು. ಇನ್ನೇನು ಕೊನೆಯ ಸುತ್ತು ಅನ್ನುವಷ್ಟರಲ್ಲಿ ಟಪ್ಪೆಂದು ಪರದೆ ಕಪ್ಪಾಯಿತು.

ಡಬ್ಬಿ ಮುಟ್ಟಿದರೆ ರೊಟ್ಟಿಯ ಹಂಚು ಮುಟ್ಟಿದಂತೆ. ಬದಿಯ ತಗಡು ತೆಗೆದು ಟೇಬಲ್ ಫ್ಯಾನ್ ಇಟ್ಟೆವು. ಅದು ಊದಿದ್ದೂ ಬಿಸಿ ಗಾಳಿಯನ್ನೇ. ಮತ್ತೆ ಟಪ್! ಅಪ್ಪ ಸಂಜೆ ಬರುವವರಿದ್ದರು. ಟ್ಯೂಷನ್ ಮಾಸ್ತರರು ಎದುರಿಗೇ ನಿಂತಂತೆ ಆಯಿತು ನನಗೆ.

"ನಮ್ಮ ದ್ರಾಕ್ಷಿ ಶೆಡ್ಡಿಗೆ ಒಯ್ಯೋಣಲೇ," ಎಂದ ಬಸ್ಯಾ. "ಅಲ್ಲಿ ಗಾಳಿ ಹೆಂಗ ಬೀಸತೈತಿ ನೋಡು!"

ಅಂದೇ ಊರಿಗೆ ಬಂದಿದ್ದ ದೊಡ್ಡಪ್ಪನನ್ನು ಗೋಗರೆದು, ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಅವರ ಗಾಡಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಿಕೋಟಾಕ್ಕೆ ಹೋದೆವು.

ಒಣದ್ರಾಕ್ಷಿ ಶೆಡ್ಡಿಗೆ ಗೋಡೆಗಳಿರುವುದಿಲ್ಲ. ಮೇಲೆ ತಗಡು, ಬದಿಗೆ ಬಲೆ, ನಡುವೆ ತಂತಿಜಾಲರಿಯ ಅಂತಸ್ತುಗಳ ಮೇಲೆ ಹರವಿದ ದ್ರಾಕ್ಷಿ. ಹುಳಿ ಸಿಹಿ ಬೆರೆತ ವಾಸನೆ, ಈ ಬದಿಯಿಂದ ಆ ಬದಿಗೆ ಬಿಡದೆ ಹಾಯುವ ಗಾಳಿ. ದ್ರಾಕ್ಷಿ ತುಂಬುವ ಕ್ರೇಟುಗಳನ್ನು ಬೋರಲು ಹಾಕಿ ಕಂಪ್ಯೂಟರ್ ಇಟ್ಟೆವು.

"ದ್ರಾಕ್ಷಿ ಒಣಗಸಲ್ಯೋ, ನಿಮ್ಮ ಕಂಪ್ಯೂಟರ್ ಒಣಗಸಲ್ಯೋ?" ಎಂದರು ದೊಡ್ಡಪ್ಪ.

ಗೇಮ್ ತೆರೆಯಲು ಯುಗವೇ ಬೇಕಾಯಿತು. ಪರದೆಯ ಮೇಲಿನ ಪಟ್ಟಿ ತೆವಳುತ್ತಿದ್ದರೆ ನಾವು ಚುರುಮುರಿ ತಿನ್ನುತ್ತಿದ್ದೆವು. ಎಂಟನೆಯ ತರಗತಿಗೆಂದು ಹೊಸ ಶಾಲೆಗೆ ಹೋಗಲು ನನಗೆ ಹೆದರಿಕೆ ಎಂದು ಯಾರಿಗೂ ಹೇಳಿರಲಿಲ್ಲ. ಆ ಪಟ್ಟಿ ತುಂಬುವುದರೊಳಗೆ ಬಸ್ಯಾನಿಗೆ ಹೇಳಿದೆ. ತನಗೆ ಬಾವಿಯಲ್ಲಿ ಈಜಲು ಬರುವುದಿಲ್ಲ, ಬರುತ್ತದೆಂದು ಗೆಳೆಯರಿಗೆ ಸುಳ್ಳು ಹೇಳಿದ್ದಾಗಿ ಅವನು ಹೇಳಿದ.

ರೇಸು ಮುಗಿಯಿತು. ಕಂಪ್ಯೂಟರ್ ಆರಲಿಲ್ಲ! ದ್ರಾಕ್ಷಿ ಆರಿಸುತ್ತಿದ್ದ ಹೆಂಗಸರೆಲ್ಲ ನಮ್ಮ ಹಿಂದೆ ಬಂದು ನಿಂತಿದ್ದರು. "ಯವ್ವಾ, ಕೆಂಪು ಗಾಡಿ ಮುಂದ ಹೊಂಟೈತಿ ನೋಡಬೇ!" ಎಂದು ಒಬ್ಬಾಕೆ ಕುಣಿದೇಬಿಟ್ಟಳು.

ಭಾನುವಾರ ಅಪ್ಪ ಶೆಡ್ಡಿಗೇ ಬಂದರು. ನಮ್ಮ ಬೆನ್ನ ಹಿಂದೆ ನಿಂತರು. ಕೊನೆಯ ಸುತ್ತೂ ಮುಗಿದ ಮೇಲೆ ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕುಳಿತು, "ಎಲ್ಲಿ, ಆ ಎರಡನೇ ಜಾಯ್‌ಸ್ಟಿಕ್ ನನಗ ಕೊಡ್ರಿ," ಎಂದರು. ಟ್ಯೂಷನ್ನಿನ ಮಾತು ಮತ್ತೆ ಎತ್ತಲಿಲ್ಲ. ಸಂಜೆಯವರೆಗೂ ಆಡಿ, ನಮ್ಮಿಬ್ಬರಿಗೂ ಸೋತರು.

ಈಗ ನಾನು ವಿಜಯಪುರದಲ್ಲೇ ಬ್ಯಾಂಕಿನಲ್ಲಿದ್ದೇನೆ. ಈಚೆಗೆ ನನ್ನದೇ ದುಡ್ಡಿನಲ್ಲಿ ಹೊಸ ಕಂಪ್ಯೂಟರ್ ಜೋಡಿಸಿದೆ. ಕಾರ್ಡಿಗೆ ತಕ್ಕ ಪ್ರೊಸೆಸರ್, ಎಸ್ಎಸ್‌ಡಿ, ಬೇಕಾದಷ್ಟು ಫ್ಯಾನು, ಏಸಿ ಕೋಣೆ. ಬಸ್ಯಾ ತಿಕೋಟಾದಲ್ಲೇ ಒಣದ್ರಾಕ್ಷಿ ವ್ಯಾಪಾರ ಮಾಡುತ್ತಾನೆ. ಬಸ್ಸು ಹತ್ತಿದರೆ ಮುಟ್ಟುವ ಊರು. ಆದರೂ ಹಬ್ಬಕ್ಕೊಮ್ಮೆ ಮುಖ ನೋಡಿದರೆ ಹೆಚ್ಚು. ಜಂಬ ಕೊಚ್ಚಿಕೊಳ್ಳಲೆಂದೇ ಅವನಿಗೆ ಫೋನು ಮಾಡಿದೆ.

"ಗೇಮ್ ತೆರ್ಯಾಕ ಎಷ್ಟೊತ್ತು ಹಿಡಿತೈತಿ?" ಎಂದು ಕೇಳಿದ.

"ಕಣ್ಣ ಮಿಟುಕಿಸೂದ್ರಾಗ ತೆರಿತೈತಿ!"

"ಹಂಗಾರ ಮಾತಾಡೂದು ಯಾವಾಗ, ಲೇ?" ಎಂದ ಬಸ್ಯಾ.

ಮೇಜಿನ ಕಡೆ ನೋಡಿದೆ. ಒಂದಕ್ಕೊಂದು ಜೋಡಿ ನೋಡಿ ಎಲ್ಲವನ್ನೂ ತಂದಿದ್ದೆ. ಎರಡನೆಯ ಜಾಯ್‌ಸ್ಟಿಕ್ ಮಾತ್ರ ತಂದೇ ಇರಲಿಲ್ಲ.