ಚಿಕ್ಕಮ್ಮ ಬೆಸೆದ ಅಡಾಪ್ಟರ್

ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ, ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವೈರು ಜೋಡಿಸಿದವಳು. ನೂರಾರು ಎಳೆಗಳ ಕೇಬಲ್ ಕೊಟ್ಟರೂ ಯಾವ ಬಣ್ಣದ್ದು ಎಲ್ಲಿಗೆ ಹೋಗುತ್ತದೆಂದು ಹೇಳುವಷ್ಟು ಪಳಗಿದ ಕೈ. ನಿವೃತ್ತಿಯಾದ ಮೇಲೆ ನಮ್ಮ ಜೊತೆಗೇ ಇದ್ದಳು. ಮನೆಯಲ್ಲಿ ಫ್ಯಾನು ಕೆಟ್ಟರೆ ನಾವು ಕೂಗುತ್ತಿದ್ದದ್ದು ಅವಳನ್ನೇ.

ಅಪ್ಪನಿಗೆ ರೈಲು ನಿಲ್ದಾಣದ ಎದುರು ವಿಡಿಯೊ ಗೇಮ್ ಅಂಗಡಿಯಿತ್ತು. ಅದನ್ನು ಮುಚ್ಚುವಾಗ ಹನ್ನೊಂದು ಯಂತ್ರ ಮಾರಿ, ಒಂದನ್ನು ಮಾತ್ರ ಮನೆಗೆ ತಂದಿದ್ದ. ಬೀರುವಿನಷ್ಟು ಎತ್ತರ, ನಡುವೆ ಟಿವಿಯಂಥ ಪರದೆ, ಕೆಳಗೆ ಅತ್ತಿತ್ತ ವಾಲಿಸಿ ಆಡುವ ಒಂದು ಹಿಡಿಕೆ, ನಾಲ್ಕು ಗುಂಡಿ. ಪುಸ್ತಕದ ಗಾತ್ರದ ಕಾರ್ಟ್ರಿಜ್ ಸಿಕ್ಕಿಸಿದರೆ ಆಟ. ಆ ಕಾರ್ಟ್ರಿಜ್ ಎಂದೋ ಸತ್ತಿತ್ತು. ಯಂತ್ರದ ಮೇಲೆ ಅಮ್ಮ ಮಡಚಿದ ಬಟ್ಟೆ ಇಡುತ್ತಿದ್ದಳು.

ಹೋದ ವರ್ಷ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ಎಡಗೈ ಮಾತ್ರ ಮಾತು ಕೇಳಲಿಲ್ಲ. ಬೆರಳಿಗೆ ಕೆಲಸ ಕೊಡಿ ಎಂದು ಡಾಕ್ಟರು ರಬ್ಬರ್ ಚೆಂಡು ಕೊಟ್ಟರು. ಅಪ್ಪ ಅದನ್ನು ಮಂಚದ ಕೆಳಗೆ ಉರುಳಿಸಿಬಿಡುತ್ತಿದ್ದ. ಅಮ್ಮ ಹೇಳಿ ಹೇಳಿ ಸೋತಳು.

ಚಿಕ್ಕಮ್ಮನಿಗೆ ಯಂತ್ರದ ನೆನಪಾದದ್ದು ಆಗ. ಅದೇ ಆಟ ಮನೆಯ ಟಿವಿಗೆ ಹಾಕುವ ಗೇಮ್ ಸೆಟ್ಟಿಗೂ ಬಂದಿತ್ತು. ಹಳೇ ಸಾಮಾನಿನ ಅಂಗಡಿಯಲ್ಲಿ ಆ ಸೆಟ್ಟಿನ ಕಾರ್ಟ್ರಿಜ್ ಸಿಕ್ಕಿತು. ಒಳಗಿನ ಚಿಪ್ ಒಂದೇ ಜಾತಿ, ಪಿನ್ನುಗಳ ಸಾಲು ಬೇರೆ. ಪಿನ್ನಿಗೆ ಪಿನ್ನು ಹೊಂದಿಸುವ ಒಂದು ಅಡಾಪ್ಟರ್ ನಡುವೆ ಇಲ್ಲದೆ ಇದು ಯಂತ್ರಕ್ಕೆ ಕೂರದು. ಅವಳು ಸತ್ತ ಕಾರ್ಟ್ರಿಜ್‌ನ ತುದಿ ಕತ್ತರಿಸಿಕೊಂಡಳು, ಒಡೆದ ಸೆಟ್ಟೊಂದರಿಂದ ಸಾಕೆಟ್ಟು ಕಿತ್ತಳು, ಎರಡನ್ನೂ ಒಂದು ಹಲಗೆಗೆ ಕೂರಿಸಿ ಎಳೆ ಎಳೆಯಾಗಿ ವೈರು ಬೆಸೆದಳು. ಎರಡು ವಾರ ಊಟದ ಮೇಜು ಅವಳದೇ. ನಾವು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡೆವು.

ಭಾನುವಾರ ಬೆಳಿಗ್ಗೆ, ಅಪ್ಪ ಸ್ನಾನಕ್ಕೆ ಹೋದಾಗ, ಅದನ್ನು ಯಂತ್ರಕ್ಕೆ ಸಿಕ್ಕಿಸಿ ಸ್ವಿಚ್ ಹಾಕಿದಳು. ಟಪ್ ಎಂದಿತು. ಪರದೆ ಕಪ್ಪು. ತಟ್ಟನೆ ಸ್ವಿಚ್ ಆರಿಸಿದಳು. ಒಳಗಿನ ಬೋರ್ಡು ಸುಟ್ಟಿದ್ದರೆ ಈಗ ಊರೆಲ್ಲ ಹುಡುಕಿದರೂ ಸಿಗುವಂಥದ್ದಲ್ಲ. ಯಾರಿಗೂ ಹೇಳದೆ ಎರಡು ದಿನ ಒಳಗೊಳಗೇ ಬೆಂದಳು. ಮೂರನೆಯ ದಿನ ಅಪ್ಪನ ಮಂಚದ ಪಕ್ಕ ಕೂತು ಒಪ್ಪಿಕೊಂಡಳು.

“ಭಾವ, ನಿಮ್ಮ ಯಂತ್ರಾನ ನಾನೇ ಕೈಯಾರೆ ಕೊಂದೆ.”

ಅಪ್ಪ ಪೂರ್ತಿ ಕೇಳಿಸಿಕೊಂಡ. ಬಾಯಿ ಇನ್ನೂ ಸೊಟ್ಟ, ಮಾತು ನಿಧಾನ. “ಹಿಂದಿನ ಮುಚ್ಚಳ ತೆಗೆದು ಫ್ಯೂಸ್ ನೋಡಿದೆಯಾ?”

ನೋಡಿರಲಿಲ್ಲ. ಭಯಕ್ಕೆ ಯಂತ್ರದ ಹತ್ತಿರವೇ ಸುಳಿದಿರಲಿಲ್ಲ.

“ಅಂಗಡೀಲಿ ವಾರಕ್ಕೊಂದು ಹೋಗ್ತಿತ್ತು. ಬೋರ್ಡು ಉಳಿಸೋಕೆ ಅಲ್ವಾ ಅದು ಸಾಯೋದು,” ಎಂದ ಅಪ್ಪ.

ಫ್ಯೂಸೇ ಹೋಗಿತ್ತು. ಅಡಾಪ್ಟರನ್ನು ಬೆಳಕಿಗೆ ಹಿಡಿದರೆ, ಅಕ್ಕಪಕ್ಕದ ಎರಡು ಪಿನ್ನುಗಳ ನಡುವೆ ಸಾಸಿವೆ ಕಾಳಿನಷ್ಟು ಬೆಸುಗೆ ಹರಿದು ಕೂತಿತ್ತು. ಅದನ್ನು ಕೆರೆದು, ಪ್ರತಿ ಪಿನ್ನನ್ನೂ ಮೀಟರಿನಲ್ಲಿ ಮತ್ತೆ ನೋಡಿ, ಹೊಸ ಫ್ಯೂಸ್ ಹಾಕಿದಳು. ಈ ಸಲ ಸ್ವಿಚ್ ಒತ್ತಿದ್ದು ಅಮ್ಮ. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಆಟದ ಸಂಗೀತ ಕೇಳಿದ ಮೇಲೆಯೇ ಕಣ್ಣು ಬಿಟ್ಟದ್ದು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು. ಅಲ್ಲೇ ನೆಲದ ಮೇಲೆ ಕುಸಿದು ಕೂತು ನಕ್ಕಳು, ನಗುತ್ತಲೇ ಅತ್ತಳು.

ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿದೆವು. ಬಲಗೈ ಗುಂಡಿಯ ಮೇಲೆ. ಎಡಗೈಯನ್ನು ಅಮ್ಮ ಎತ್ತಿ ಹಿಡಿಕೆಯ ಮೇಲಿಟ್ಟಳು. ಮೊದಲ ಆಟ ಅರ್ಧ ನಿಮಿಷವೂ ನಿಲ್ಲಲಿಲ್ಲ. ಮೂರನೆಯದರಲ್ಲಿ ಹಿಡಿಕೆ ಒಂದಿಷ್ಟು ಎಡಕ್ಕೆ ವಾಲಿತು. ಅಮ್ಮ ಮುಟ್ಟಿರಲಿಲ್ಲ.

“ಇನ್ನೊಂದು,” ಎಂದ ಅಪ್ಪ.

ಈಗ ದಿನಕ್ಕೆ ಎರಡು ಹೊತ್ತು ಆಡುತ್ತಾನೆ. ಮೊನ್ನೆ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಂಡ, ಕುತ್ತಿಗೆಯದೊಂದು ಬಿಟ್ಟು. ಅದಕ್ಕೆ ಅಮ್ಮನನ್ನು ಕರೆದ.