ಇನ್ನೂರು ಜನಕ್ಕೆ ಒಂದೇ ಮಾಫಿ

ಹಜ್‌ಗೆ ಹೊರಟವನು ಊರು ಬಿಡುವ ಮೊದಲು ಪರಿಚಯದವರ ಮನೆಮನೆಗೂ ಹೋಗಿ ಮಾಫಿ ಕೇಳಬೇಕು. ಇದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ತಿಳಿದೋ ತಿಳಿಯದೆಯೋ ನಿಮ್ಮ ಮನಸ್ಸು ನೋಯಿಸಿದ್ದರೆ ಕ್ಷಮಿಸಿ ಎಂದು ನಾವು ಹೇಳಬೇಕು, ಅಯ್ಯೋ ಅಂಥದ್ದೇನೂ ಇಲ್ಲ ಎಂದು ಅವರು ಹೇಳಬೇಕು, ಆಮೇಲೆ ಚಹಾ ಬರಬೇಕು. ಚಾಮರಾಜಪೇಟೆಯಲ್ಲೇ ಅರವತ್ತು ದಾಟಿದವನಿಗೆ, ಅದರಲ್ಲೂ ಹೈಸ್ಕೂಲಿನ ಕನ್ನಡ ಮೇಷ್ಟ್ರಾಗಿ ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದವನಿಗೆ, ನೋಯಿಸಿದ ಮನಸ್ಸುಗಳೇನು ಕಡಿಮೆಯೇ? ಅಷ್ಟು ಮೆಟ್ಟಿಲು ಹತ್ತಲು ಮಂಡಿ ಒಪ್ಪುವುದಿಲ್ಲ, ಅಷ್ಟು ಚಹಾ ಕುಡಿಯಲು ಸಕ್ಕರೆ ಕಾಯಿಲೆ ಬಿಡುವುದಿಲ್ಲ. ಹಾಗಾಗಿ ನಾನೊಂದು ಬುದ್ಧಿವಂತಿಕೆ ಮಾಡಿದೆ. ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಎಂಬುದೊಂದಿದೆ. ಒಮ್ಮೆ ಬರೆದರೆ ಸಾಕು, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆದಂತೆ ಹೋಗುತ್ತದೆ. ಫೋನಿನಲ್ಲಿದ್ದ ಇನ್ನೂರು ಹೆಸರಿಗೂ ಗುರುತು ಹಾಕಿ, ಒಂದೇ ಏಟಿಗೆ ಮಾಫಿ ಕೇಳಿ ಕೈ ತೊಳೆದುಕೊಂಡೆ.

ಹತ್ತೇ ನಿಮಿಷದಲ್ಲಿ ಕ್ಷಮೆ ಧಾರಾಳವಾಗಿ ಬಂತು. ಹೆಬ್ಬೆರಳು, ಮುಗಿದ ಕೈ, ಗುಲಾಬಿ ಹೂವು. ನನ್ನ ಜೊತೆಗಿದ್ದ ಗಣಿತದ ಮೇಷ್ಟ್ರು, ಈಗ ಬಸವನಗುಡಿಯಲ್ಲಿ ನಿವೃತ್ತರು, ಕ್ಷಮೆಯ ಸುದ್ದಿಯನ್ನೇ ಎತ್ತದೆ ಖರ್ಜೂರ ಮರೆಯಬೇಡಿ ಎಂದು ಬರೆದರು. ಆ ಹೂವುಗಳ ನಡುವೆ ಒಂದು ಉತ್ತರ ಮಾತ್ರ ಬೇರೆ ಥರ ಇತ್ತು.

“ಯಾವ ತಪ್ಪಿಗೆ?”

ಬರೆದದ್ದು ನನ್ನ ಆಪಾ, ನನಗಿರುವ ಒಬ್ಬಳೇ ಅಕ್ಕ. ನಾಲ್ಕು ವರ್ಷದಿಂದ ನಮಗೆ ಮಾತಿರಲಿಲ್ಲ. ಎಲ್ಲ ಹೆಸರಿಗೂ ಗುರುತು ಹಾಕುವ ಉತ್ಸಾಹದಲ್ಲಿ ಅವಳದ್ದಕ್ಕೂ ಹಾಕಿಬಿಟ್ಟಿದ್ದೆ. ಅದೂ ಅವಳು ಕನ್ನಡದಲ್ಲಿ ಬರೆದಿದ್ದಳು. ನಮ್ಮ ಮನೆಯಲ್ಲಿ ಪ್ರೀತಿಯೆಲ್ಲ ದಖನಿ ಉರ್ದುವಿನಲ್ಲಿ, ಜಗಳವೆಲ್ಲ ಕನ್ನಡದಲ್ಲಿ, ಅಮ್ಮಿಯ ಕಾಲದಿಂದಲೂ ಹಾಗೆಯೇ.

ಯಾವ ತಪ್ಪಿಗೆ ಎಂಬುದು ನನಗೆ ಗೊತ್ತಿತ್ತು. ಅಮ್ಮಿ ಹಾಸಿಗೆ ಹಿಡಿದ ಮೇಲೆ ಆರು ವರ್ಷ ಇದ್ದದ್ದು ಮಾವಳ್ಳಿಯಲ್ಲಿ, ಆಪಾಳ ಮನೆಯಲ್ಲಿ. ತಿನ್ನಿಸುವುದು, ತೊಳೆಯುವುದು, ಹೊರಳಿಸುವುದು, ವ್ಹೀಲ್‌ಚೇರಿನಲ್ಲಿ ಕೂರಿಸಿ ತಳ್ಳುವುದು ಎಲ್ಲ ಅವಳದೇ. ನಾನು ಭಾನುವಾರ ಹೋಗಿ, ಊಟ ಮುಗಿಸಿ, ಯಾವ ಡಾಕ್ಟರು ಒಳ್ಳೆಯವರು ಎಂದು ಉಪದೇಶ ಮಾಡಿ ಬರುತ್ತಿದ್ದೆ. ಅಮ್ಮಿ ತೀರಿಕೊಂಡ ಮೂರನೇ ದಿನ, ಜಿಯಾರತ್ ಊಟಕ್ಕೆ ನೆಂಟರೆಲ್ಲ ಕೂತಿದ್ದಾಗ, ಬಡಿಸುತ್ತಿದ್ದ ಆಪಾಳಿಗೆ ನಾನು, “ನೀನು ಸರಿಯಾಗಿ ನೋಡ್ಕೊಂಡಿದ್ರೆ ಅಮ್ಮಿ ಇನ್ನೂ ಇರ್ತಿದ್ರು” ಅಂದೆ. ಅವಳು ಸೌಟು ಕೆಳಗಿಟ್ಟು ಒಳಗೆ ಹೋದಳು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮೂವತ್ತು ವರ್ಷ ಮಕ್ಕಳ ಪ್ರಾಣ ತಿಂದವನು ನಾನು.

ಉತ್ತರವನ್ನು ಹೆಂಡತಿಗೆ ತೋರಿಸಿದೆ. ಇಂಥ ಮೆಸೇಜು ನಮ್ಮ ನಂಬರನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆಂದು ಅವಳು ತಿಳಿಸಿದಳು. ಅಂದರೆ ಆಪಾ ನನ್ನನ್ನು ಅಳಿಸಿರಲಿಲ್ಲ. ವಾಪಸು ಬಂದ ಮೇಲೆ ನೋಡಿದರಾಯಿತು ಎಂದೆ. “ಅವರ ಮನೆ ಮಾವಳ್ಳಿಲಿದೆ ಕಣ್ರಿ, ಮಕ್ಕಾದಲ್ಲಲ್ಲ” ಎಂದಳು.

ಹಜ್‌ಗೆ ಹೋಗುವವರಿಗೆಲ್ಲ ಒಂದು ತರಬೇತಿ ಇತ್ತು. ಅಲ್ಲಾಹನ ವಿಷಯದಲ್ಲಿ ಮಾಡಿದ ತಪ್ಪನ್ನು ಅಲ್ಲಾಹ ಮನ್ನಿಸಬಹುದು, ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಮನ್ನಿಸಬೇಕು, ಹಜ್‌ನ ಮುಖ್ಯ ದಿನ ಅರಫಾತಿನ ಬಯಲಿನಲ್ಲಿ ಎಷ್ಟು ಅತ್ತರೂ ಅದು ಹೋಗುವುದಿಲ್ಲ ಎಂದರು ಮೌಲ್ವಿಗಳು. ಒಳ್ಳೆಯ ವಿದ್ಯಾರ್ಥಿಯಂತೆ ಅದನ್ನು ನೋಟುಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ದಿನಾ ನಡೆದು ಕಾಲು ಪಳಗಿಸಿಕೊಳ್ಳಿ ಎಂದೂ ಹೇಳಿದ್ದರು. ಮರುದಿನದಿಂದ ಲಾಲ್‌ಬಾಗಿನಲ್ಲಿ ನಡೆಯತೊಡಗಿದೆ. ಮಾವಳ್ಳಿ ಕಡೆಯ ಗೇಟು ಬಿಟ್ಟು, ಸುತ್ತು ಹಾಕಿಕೊಂಡು ಪಶ್ಚಿಮದ ಗೇಟಿನಿಂದ ಹೋಗುತ್ತಿದ್ದೆ. ನಡಿಗೆ ಇನ್ನಷ್ಟು ಆಗಲಿ ಎಂದು ಹೆಂಡತಿಗೆ ಹೇಳಿದ್ದೆ. ಅವಳು ನಂಬಿದಂತೆ ಮುಖ ಮಾಡಿದಳು.

ಮಕ್ಕಾದಲ್ಲಿ ಎಲ್ಲರೂ ಒಂದೇ, ಎಲ್ಲರಿಗೂ ಹೊಲಿಗೆಯಿಲ್ಲದ ಎರಡೇ ಬಿಳಿ ಬಟ್ಟೆ ಎನ್ನುತ್ತಾರೆ. ಬಟ್ಟೆ ಒಂದೇ, ಹೊಟ್ಟೆ ಮಾತ್ರ ಅವರವರದು. ನನ್ನ ಇಹ್ರಾಮ್ ಬಟ್ಟೆ ಬೆಲ್ಟಿನ ಮಾತು ಕೇಳದೆ ಜಾರುತ್ತಲೇ ಇತ್ತು. ತೊಡೆ ಉಜ್ಜಿ ಉಜ್ಜಿ ಕೆಂಪಾಯಿತು, ಪಾದದಲ್ಲಿ ಬೊಬ್ಬೆ ಎದ್ದಿತು. ಮೇಲಾಗಿ ಹಜ್‌ನಲ್ಲಿ ಜಗಳವಾಡುವಂತಿಲ್ಲ. ಆಟೋದವರ ಜೊತೆ ದಿನಕ್ಕೊಮ್ಮೆಯಾದರೂ ಜಗಳವಾಡದಿದ್ದರೆ ಅನ್ನ ಸೇರದ ನನಗೆ, ಬಿಸಿಲಿಗಿಂತ ಈ ನಿಯಮವೇ ಹೆಚ್ಚು ಸುಟ್ಟಿತು.

ಕಾಬಾವನ್ನು ಮೊದಲ ಸಲ ಕಂಡಾಗ ಮಾಡಿದ ದುವಾ ಫಲಿಸುತ್ತದೆ ಎಂಬ ನಂಬಿಕೆಯಿದೆ. ಅದಕ್ಕೆಂದೇ ಬೇಡಿಕೆಗಳ ಪಟ್ಟಿ ಬಾಯಿಪಾಠ ಮಾಡಿದ್ದೆ. ಕಪ್ಪು ಹೊದಿಕೆಯ ಅಂಚು ಕಣ್ಣಿಗೆ ಬಿದ್ದ ಅದೇ ಗಳಿಗೆಗೆ ಹಿಂದಿನಿಂದ ಒಂದು ವ್ಹೀಲ್‌ಚೇರು ನನ್ನ ಹಿಮ್ಮಡಿಗೆ ಬಡಿಯಿತು. “ನೋಡ್ಕೊಂಡು ತಳ್ರಿ” ಅಂದೆ. ನನ್ನ ಜೀವಮಾನದ ಅತಿ ಅಮೂಲ್ಯ ದುವಾ ಅದೇ ಆಯಿತು. ತಿರುಗಿದರೆ, ಕುರ್ಚಿಯಲ್ಲಿ ಹಿಡಿಯಷ್ಟಾದ ಮುದುಕಿ, ತಳ್ಳುತ್ತಿದ್ದವನು ನನ್ನ ವಯಸ್ಸಿನ ಮಗ. ಯಾವ ದೇಶದವನೋ, ಕೈ ಎದೆಗಿಟ್ಟು ತಲೆಬಾಗಿ ತಾಯಿಯ ತಲೆವಸ್ತ್ರ ಸರಿಪಡಿಸಿ ಮುಂದೆ ತಳ್ಳಿದ. ಅಮ್ಮಿಯ ಕುರ್ಚಿಯನ್ನು ನಾನು ಒಂದು ದಿನವೂ ತಳ್ಳಿರಲಿಲ್ಲ. ನನಗೆ ಅಲ್ಲಿಯೇ ಅಳು ಬಂತು. ಭಕ್ತಿ ಉಕ್ಕಿತೆಂದು ಪಕ್ಕದವರು ಬೆನ್ನು ಸವರಿದರು. ನಿಜಕ್ಕೂ ಅದು ನಾಚಿಕೆ.

ಅರಫಾತಿನ ಮಧ್ಯಾಹ್ನ ಲಕ್ಷಾಂತರ ಜನ ಕೈಯೆತ್ತಿ ಅಳುತ್ತಿದ್ದರು. ನಾನು ಡೇರೆಯ ಮೂಲೆಯಲ್ಲಿ ಫೋನು ಹಿಡಿದು ಆಪಾಳಿಗೆ ಉತ್ತರ ಬರೆಯುತ್ತಿದ್ದೆ. ಬರೆದೆ, ಅಳಿಸಿದೆ. ಬರೆದದ್ದೆಲ್ಲ ‘ಆ ದಿನದ ಸಂದರ್ಭದಲ್ಲಿ’ ಎಂದೇ ಶುರುವಾಗುತ್ತಿತ್ತು. ಹೀಗೆ ಸುತ್ತಿ ಬಳಸಿ ಬರೆದ ಮಕ್ಕಳಿಗೆ, ಕೇಳಿದ್ದಕ್ಕಷ್ಟೇ ಉತ್ತರಿಸು ಎಂದು ಕೆಂಪು ಶಾಯಿಯಲ್ಲಿ ಗೀಚಿದ್ದವನು ನಾನೇ. ಮರುದಿನ ಸೈತಾನನ ಕಂಬಕ್ಕೆ ಏಳು ಕಲ್ಲು ಹೊಡೆಯುವಾಗ ಅವನನ್ನು ಗುರುತಿಸಲು ಕಷ್ಟವಾಗಲಿಲ್ಲ. ಅಮ್ಮಿಯ ಮೂರನೇ ದಿನದ ಊಟದಲ್ಲಿ ನನ್ನ ನಾಲಿಗೆಯ ಮೇಲೇ ಕೂತಿದ್ದ.

ಹಜ್ ಮುಗಿಸಿದವನು ತನ್ನ ಮನೆಯ ಹೊಸ್ತಿಲು ದಾಟುವ ಮೊದಲು ಅವನಿಂದ ದುವಾ ಮಾಡಿಸಿಕೊಳ್ಳಬೇಕು ಎಂದು ನಮ್ಮವರು ಕಾದಿರುತ್ತಾರೆ. ಚಾಮರಾಜಪೇಟೆಯಲ್ಲಿ ಹಾರ ಹಿಡಿದು ನಿಂತಿದ್ದೇವೆಂದು ಏರ್‌ಪೋರ್ಟಿಗೇ ಫೋನು ಬಂತು. ನಾನು ಡ್ರೈವರಿಗೆ ಮೊದಲು ಮಾವಳ್ಳಿಗೆ ನಡೆಯಿರಿ ಎಂದೆ. ನಲವತ್ತು ದಿನವೂ ಹಜ್‌ನಲ್ಲಿ ಜೊತೆಗಿದ್ದ ಹೆಂಡತಿ, ಅಲ್ಲಿಗೆ ತಲುಪಿದಾಗ ಮಕ್ಕಾದಿಂದ ತಂದ ಜಮ್‌ಜಮ್ ನೀರಿನ ಒಂದು ಕ್ಯಾನನ್ನು ನನ್ನ ಕೈಗೆ ಕೊಟ್ಟು ತಾನು ಕಾರಿನಲ್ಲೇ ಉಳಿದಳು.

ಆಪಾ ಬಾಗಿಲನ್ನು ಅರ್ಧ ತೆರೆದು, ಹಜ್‌ನಲ್ಲಿ ಬೋಳಿಸಿಕೊಂಡ ನನ್ನ ತಲೆಯನ್ನೂ ಕೈಯಲ್ಲಿದ್ದ ಜಮ್‌ಜಮ್ ಕ್ಯಾನನ್ನೂ ನೋಡಿದಳು. ತುಂಬ ಇಳಿದುಹೋಗಿದ್ದಳು.

“ಜಿಯಾರತ್ ದಿನ ನಾನು ಹೇಳಿದ್ದು ಸುಳ್ಳು, ಆಪಾ. ಅಮ್ಮೀನ ನೋಡ್ಕೊಂಡೋಳು ನೀನು. ನೋಡ್ಕೊಳ್ದೇ ಇದ್ದೋನು ನಾನು” ಎಂದೆ.

ಅವಳು ಕನ್ನಡದಲ್ಲೇ, “ಅವತ್ತು ಎಲ್ಲರ ಮುಂದೆ ಅಂದೆ. ಇವತ್ತು ನನ್ನೊಬ್ಬಳ ಹತ್ರ ಹೇಳ್ತಿದೀಯ” ಎಂದಳು.

ಜೇಬಿನಿಂದ ಫೋನು ತೆಗೆದೆ. ಮೆಟ್ಟಿಲ ಮೇಲೆ ಕೂತು ಆ ಇನ್ನೂರು ಜನರ ಪಟ್ಟಿಯನ್ನೇ ತೆರೆದೆ. ಅಂದು ಪಂಕ್ತಿಯಲ್ಲಿ ಕೂತಿದ್ದ ನೆಂಟರೆಲ್ಲ ಅದರಲ್ಲಿದ್ದರು, ಗಣಿತದ ಮೇಷ್ಟ್ರೂ ಇದ್ದರು. ತಿಳಿದೋ ತಿಳಿಯದೆಯೋ ಎಂಬ ಮಾತು ಬಿಟ್ಟು, ಆಪಾಳಿಗೆ ಹೇಳಿದ್ದನ್ನೇ ಹಾಗೇ ಬರೆದೆ. ಬಿಸಿಲಲ್ಲಿ ಕಾಬಾ ಸುತ್ತಿದಾಗಲೂ ಇಷ್ಟು ಬೆವತಿರಲಿಲ್ಲ. ಕಳಿಸಿದೆ.

ಒಳಗೆ ಅವಳ ಫೋನು ಸದ್ದು ಮಾಡಿತು. ಹೋಗಿ, ಕನ್ನಡಕ ಹಾಕಿಕೊಂಡು, ಬಾಗಿಲ ಬಳಿಗೆ ತಂದು ಓದಿದಳು. ಅಷ್ಟರಲ್ಲಿ ನನ್ನ ಫೋನಿಗೆ ಯಾರೋ ಹೆಬ್ಬೆರಳು ಕಳಿಸಿದರು, ಇನ್ಯಾರೋ ಗುಲಾಬಿ. ಆಪಾ ಕನ್ನಡಕ ತೆಗೆದು ದುಪಟ್ಟಾದಲ್ಲಿ ಕಣ್ಣು ಒರೆಸಿಕೊಂಡು, ಬಾಗಿಲನ್ನು ಪೂರ್ತಿ ತೆರೆದಳು.

“ಅಂದರ್ ಆ” ಎಂದು ಒಳಗೆ ಕರೆದಳು, ದಖನಿಯಲ್ಲಿ.

ನನ್ನ ಮನೆಯ ಹೊಸ್ತಿಲಿಗಿಂತ ಮೊದಲು ಅವಳದನ್ನು ದಾಟಿದೆ.