ಹಿರಿಯೂರಿನಲ್ಲಿ ನಮ್ಮದೇ ಒಂದು ಜಗಳ

ನನ್ನ ಹೆಸರು ಕೇಳುವ ಮೊದಲೇ ಪಕ್ಕದ ಮನೆಯವರು ಕೇಳಿದ್ದು, "ನೀವು ಹಂದಿ ತಿಂತೀರಾ?"

ಎಪ್ಪತ್ತೆರಡರಲ್ಲಿ ಹಿರಿಯೂರಿನ ಸರ್ಕಾರಿ ಆಸ್ಪತ್ರೆಗೆ ನರ್ಸಾಗಿ ಬಂದ ಮೊದಲ ಬೆಳಗ್ಗೆ ಅದು. ಮಂಗಳೂರಿನಿಂದ ತಂದ ಟ್ರಂಕನ್ನು ಇನ್ನೂ ಬಿಚ್ಚಿರಲಿಲ್ಲ. ಮೋಟುಗೋಡೆಯಾಚೆ ನಿಂತಿದ್ದವರು ಖೈರುನ್ನಿಸಾ. ಓಣಿಗೆಲ್ಲ ಆಪಾ, ಅಂದರೆ ಅಕ್ಕ. ಕ್ರಿಸ್‌ಮಸ್ಸಿಗೆ ತಿನ್ನುತ್ತೇವೆ ಎಂದೆ. ಅವರು ಸರ್ರನೆ ಒಳಗೆ ಹೋದರು.

ಮಂಗಳೂರಿನ ಕಡೆ ಊರಿನಲ್ಲಿರುವ ನಿಮಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಮನೆಮನೆಯ ನಡುವೆ ಹಿತ್ತಿಲಿರುತ್ತದೆ, ತೆಂಗಿನ ಮರಗಳಿರುತ್ತವೆ. ಒಲೆಯ ಮೇಲೇನಿದೆಯೆಂದು ನೆರೆಯವರಿಗೆ ತಿಳಿಯುವುದಿಲ್ಲ. ಇಲ್ಲಿ ಒಂದೇ ಗೋಡೆಗೆ ಎರಡು ಮನೆ, ಅಂಗಳದಲ್ಲಿ ಇಬ್ಬರಿಗೂ ಒಂದೇ ನಲ್ಲಿ. ಕುಚ್ಚಲಕ್ಕಿ ಸಿಗದೆ ಮುದ್ದೆ ನುಂಗಲು ಕಲಿತೆ. "ಉಂಟು" ಎಂದರೆ ರೋಗಿಗಳು ನಗುತ್ತಿದ್ದರು. "ಐತೆ" ಅನ್ನಲು ಕಲಿತೆ. ಭಾನುವಾರ ಚರ್ಚಿನಲ್ಲಿಯೂ ಕೊಂಕಣಿಯಲ್ಲಿ ಎರಡು ಮಾತಾಡಲು ಯಾರೂ ಇರಲಿಲ್ಲ. ಎಲ್ಲಕ್ಕೂ ಒಗ್ಗಿಕೊಂಡೆ. ಹಬ್ಬದ ಅಡುಗೆಯನ್ನು ಮಾತ್ರ ಬಿಡಲಾರೆನೆಂದು ಹಟ ಹಿಡಿದೆ.

ಆ ಡಿಸೆಂಬರಿನಲ್ಲಿ ಅಣ್ಣ ಉಪ್ಪು ಹಾಕಿದ ಹಂದಿಮಾಂಸ ತಂದುಕೊಟ್ಟ. ವಾಸನೆ ಗೋಡೆ ದಾಟಿತು. ಆಪಾ ಅಂಗಳದಲ್ಲಿ ನಿಂತು ಬೈದರು. ನಾನೂ ಬಿಡಲಿಲ್ಲ, ನಿಮ್ಮ ತಟ್ಟೆಗೆ ಬಡಿಸಿದೆನೇ ಎಂದು ಕೇಳಿದೆ.

ಸುದ್ದಿ ಓಣಿ ದಾಟಿತು. ಎರಡೂ ಮನೆಗಳ ಮಾಲೀಕರಾದ ಹಾಜಿ ಸಾಹೇಬರು ನಾಲ್ಕಾರು ಹಿರಿಯರೊಂದಿಗೆ ಬಂದು ಮನೆ ಖಾಲಿ ಮಾಡಲು ಹೇಳಿದರು. ಹಿಂದಿನ ದಿನವಷ್ಟೇ ಇಲ್ಲಿನ ಚರ್ಚಿನ ಹಿರಿಯರೊಬ್ಬರು ಅದನ್ನೇ ಮೆತ್ತಗೆ ಹೇಳಿದ್ದರು: ನಮ್ಮ ಕ್ರೈಸ್ತರ ಬೀದಿಯಲ್ಲಿ ಮನೆಯಿದೆ, ಬಂದುಬಿಡು. ನಮ್ಮಿಬ್ಬರನ್ನು ದೂರ ಮಾಡುವುದನ್ನೇ ಎಲ್ಲರೂ ಶಾಂತಿ ಎನ್ನುತ್ತಿದ್ದರು. ನನಗೆ ರೇಗಿತು. ಹೋಗುವುದಿಲ್ಲ ಎಂದೆ.

ಅಷ್ಟರಲ್ಲಿ ಆಪಾ ಸೆರಗನ್ನು ತಲೆಯ ಮೇಲೆಳೆದುಕೊಂಡು ಹೊರಗೆ ಬಂದರು.

"ಜಗಳ ಆಡಿದ್ದು ನಾನು, ಹಾಜಿ ಸಾಬ್. ಆಯಮ್ಮನ್ನ ಓಡಿಸ್ರಿ ಅಂತ ಯಾರಿಗೂ ಹೇಳಿಲ್ಲ."

ದಿನವೂ ಈ ವಾಸನೆ ಕುಡಿಯುತ್ತೀಯಾ ಎಂದು ಹಾಜಿ ಸಾಹೇಬರು ಕೇಳಿದರು.

"ಮೂಗು ನಂದೈತೆ. ನಾನು ನೋಡ್ಕೋತೀನಿ. ನಮ್ಮ ಜಗಳ ನಮಗೆ ಬಿಡ್ರಿ."

ಹಾಜಿ ಸಾಹೇಬರು ಗಡ್ಡ ಸವರಿಕೊಂಡರು. ಇನ್ನು ಮುಂದೆ ನನ್ನ ಹತ್ತಿರ ದೂರು ತರಬೇಡಿ ಎಂದು ಹೇಳಿ ಹೊರಟುಹೋದರು.

ಸಂಜೆ ನಲ್ಲಿಯ ಪಕ್ಕ ಕೂತು ನಾವಿಬ್ಬರೂ ಮತ್ತೆ ಜಗಳವಾಡಿಯೇ ಒಂದು ಒಪ್ಪಂದಕ್ಕೆ ಬಂದೆವು. ಹಬ್ಬದ ದಿನವಷ್ಟೇ ಬೇಯಿಸಬೇಕು, ಅದೂ ಮನೆಯ ಹಿಂದಿನ ಮೂಲೆಯಲ್ಲಿ. ಆ ಪಾತ್ರೆಯನ್ನು ನಲ್ಲಿಗೆ ತರಕೂಡದು. ನಾನು ಒಪ್ಪಿದೆ. ಬೈಯುವುದಿದ್ದರೆ ನನ್ನ ಮುಖಕ್ಕೇ ಬೈಯಿರಿ, ಬೀದಿಗೆ ಒಯ್ಯಬೇಡಿ ಎಂದೆ.

"ಬೈಯೋದಾ? ಅದನ್ನ ಬಿಡಲ್ಲ ಬಿಡು," ಎಂದರು. ಅಂದಿನಿಂದ ನನ್ನನ್ನು ಏಕವಚನದಲ್ಲೇ ಕರೆಯುತ್ತಾರೆ.

ಆಪಾ ಇಂದಿಗೂ ನನ್ನ ಅಡುಗೆ ಮುಟ್ಟುವುದಿಲ್ಲ. ಬಾಳೆಹಣ್ಣು ಕೊಟ್ಟರೆ ಸುಲಿದು ತಿನ್ನುತ್ತಾರೆ. ರಂಜಾನಿನಲ್ಲಿ ಅವರ ಶಾವಿಗೆ ಪಾಯಸ ಮೊದಲು ಬರುವುದು ನನ್ನ ಮನೆಗೆ. ಇದೆಂಥ ಸ್ನೇಹ ಎಂದು ಅಣ್ಣ ಹಂಗಿಸುತ್ತಾನೆ. ನನಗಾಗಿ ತನ್ನ ಓಣಿಯನ್ನೇ ಎದುರು ಹಾಕಿಕೊಂಡವರು ನನ್ನ ಅನ್ನವನ್ನೂ ಉಣ್ಣಬೇಕೆಂದು ನಾನು ಕೇಳುವುದಿಲ್ಲ.

ಊರಿಗೆ ವರ್ಗ ಕೇಳಬಹುದಿತ್ತು, ಕೇಳಲಿಲ್ಲ. ಕಳೆದ ಕ್ರಿಸ್‌ಮಸ್ಸಿಗೆ ಮಾತ್ರ ಬಂದೆ. ಅಣ್ಣನ ಮನೆಯಲ್ಲಿ ಬಾಗಿಲು ತೆರೆದಿಟ್ಟೇ ಬೇಯಿಸಿದರು. ಸುತ್ತ ನನ್ನವರು, ನನ್ನ ಭಾಷೆ. ವರ್ಷವಿಡೀ ಬಯಸಿದ ರುಚಿಯೇ ಅದು. ಆದರೆ ಬೈಯಲು ಯಾರೂ ಇರಲಿಲ್ಲ.